ತಪ್ಪಿಹೋದ ರೈಲಿನ ಸ್ಟೇಷನ್ನು

ಬೀದಿಯವರೆಲ್ಲ ಅವನನ್ನು ಗಾರ್ಡ್ ಸಾಹೇಬರು ಅನ್ನುತ್ತಿದ್ದರು. ರೈಲ್ವೆ ಇಲಾಖೆಗೂ ಅವನಿಗೂ ಇದ್ದ ಸಂಬಂಧ ಟಿಕೆಟ್ ಕೊಂಡು ಹತ್ತಿ ಇಳಿಯುವಷ್ಟು ಮಾತ್ರ. ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಹಲ್ಲಿನ ಸೆಟ್ಟು. ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದೆ ಒಂದು ಕಿಟಕಿ, ಒಂದು ಮೇಜು, ಒಂದು ಪಾಲಿಶ್ ಮೋಟರು ಇದ್ದ ಕೋಣೆಯಲ್ಲಿ ಕೂತು ಊರಿನ ಅರ್ಧ ಹಿರಿಯರ ನಗುವನ್ನು ಅವನು ಕೈಯಾರೆ ಮಾಡಿಕೊಟ್ಟಿದ್ದ. ನಾಲ್ಕು ಜನ ಸೇರಿದ ಕಡೆ ಯಾರಾದರೂ ಬಾಯಿತುಂಬ ನಕ್ಕರೆ ಅವನ ಕಣ್ಣು ಮೊದಲು ಮೇಲಿನ ಸಾಲಿಗೆ ಹೋಗುತ್ತಿತ್ತು. ನಕ್ಕ ಕಾರಣ ಆಮೇಲೆ.

ರೈಲಿನ ಹುಚ್ಚು ಹತ್ತಿಸಿದವನು ಭಾವಮೈದ. ಸಿಟಿ ಬಸ್ಸಿನ ಡ್ರೈವರಾಗಿದ್ದ ಅವನು ಒಂದು ದಿನ ತನ್ನ ಮಗನ ಆಟದ ರೈಲನ್ನು ಚೀಲದಲ್ಲಿ ಹಾಕಿಕೊಂಡು ಬಂದು, "ಭಾವ, ಇದು ಓಡ್ತಾ ಇಲ್ಲ. ನಿಮ್ಮ ಹಲ್ಲು ಕೊರೆಯೋ ಸಾಮಾನಲ್ಲಿ ಏನಾದ್ರೂ ಮಾಡಿ ನೋಡಿ" ಎಂದು ಕೊಟ್ಟು ಹೋಗಿದ್ದ. ಇಂಜಿನ್ನಿನ ಹೊಟ್ಟೆಯಲ್ಲಿ ತಲೆಗೂದಲು ಸುತ್ತಿಕೊಂಡಿತ್ತು. ಗಾರ್ಡ್ ಅದನ್ನು ಚಿಮಟದಿಂದ ಬಿಡಿಸಿ, ಒಂದು ಹನಿ ಎಣ್ಣೆ ಬಿಟ್ಟು, ಓಡುತ್ತದೆಯೇ ಎಂದು ಊಟದ ಮೇಜಿನ ಮೇಲೆ ಒಂದು ಸುತ್ತು ಬಿಟ್ಟು ನೋಡಿದ. ಆಮೇಲೆ ಇನ್ನೊಂದು ಸುತ್ತು. ರಿಪೇರಿಗೆ ಬಂದ ಆ ರೈಲು ವಾಪಸ್ ಹೋಗಲೇ ಇಲ್ಲ. ಅದರ ಯಜಮಾನನಾಗಿದ್ದ ಮಗುವಿಗೆ ಈಗ ಮೀಸೆ ಬಂದಿದೆ. ಭಾವಮೈದ ಮಾತ್ರ ಮನೆಗೆ ಬಂದಾಗಲೆಲ್ಲ "ರಿಪೇರಿ ಆಯ್ತಾ ಭಾವ?" ಎಂದು ಕೇಳುವುದನ್ನು ಬಿಟ್ಟಿಲ್ಲ.

ಊಟದ ಮೇಜಿನಿಂದ ರೈಲು ನಡುಮನೆಯ ನೆಲಕ್ಕಿಳಿಯಿತು. ನೆಲದಿಂದ ಒಂದು ಹಲಗೆಯ ಮೇಲೇರಿತು. ಹಲಗೆ, ನೆಂಟರು ಬಂದರೆ ಮಲಗಲೆಂದು ಇಟ್ಟಿದ್ದ ಹಿಂದಿನ ಕೋಣೆಯನ್ನು ಸೇರಿತು. ಹಲಗೆ ಒಳಗೆ ಬಂದದ್ದಕ್ಕೆ ಮಂಚ ಹೊರಗೆ ಹೋಯಿತು. ಮಂಚ ಹೋದ ಮೇಲೆ ನೆಂಟರು ಕಡಿಮೆಯಾದರು. ಇದರಲ್ಲಿ ಯಾವುದು ಉದ್ದೇಶ, ಯಾವುದು ಪರಿಣಾಮ ಎಂಬುದು ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಮೊದಮೊದಲು ಅವನೂ ಎಲ್ಲ ಹೊಸಬರ ಹಾಗೆ ದುಂಡಗೆ ಹಳಿ ಹಾಕಿ, ನಡುವೆ ಒಂದು ಮನೆ, ಒಂದು ಹಸು ಇಟ್ಟು, ಅದನ್ನೇ ಊರು ಅಂದುಕೊಂಡಿದ್ದ. ಹಸು ಇಂಜಿನ್ನಿಗಿಂತ ಎತ್ತರವಿತ್ತು. ಆಮೇಲೆ ಒಂದೊಂದಾಗಿ ಬುದ್ಧಿ ಬಂತು. ಹಳಿಯ ಜೋಡಣೆ ಕೂದಲೆಳೆಯಷ್ಟು ಎದ್ದಿದ್ದರೂ ಡಬ್ಬಿ ಮಗುಚುತ್ತದೆ. ಹಳಿಗೆ ಹಿಡಿದ ಮಸಿ ಒರೆಸದಿದ್ದರೆ ಕರೆಂಟು ಹರಿಯದೆ ಇಂಜಿನ್ನು ನಡುದಾರಿಯಲ್ಲಿ ಮೊಂಡು ಬೀಳುತ್ತದೆ. ಕೈಗೆಟುಕದ ಕಡೆ ಸುರಂಗ ಮಾಡಬಾರದು. ಇದು ಸುರಂಗ ಮಾಡಿದ ಮೇಲೆ ಬಂದ ಬುದ್ಧಿ. ಸಾಮಾನೆಲ್ಲ ಕಸುಬಿನದೇ. ಗುಡ್ಡಕ್ಕೆ ಹಲ್ಲಿನ ಅಚ್ಚು ಹೊಯ್ಯುವ ಪ್ಲಾಸ್ಟರು, ಹುಲ್ಲಿಗೆ ಸವೆದ ಬ್ರಷ್ಷಿನ ಕೂದಲು, ಹೆಂಚಿಗೆ ವಸಡು ಮಾಡುವ ಗುಲಾಬಿ ಅಕ್ರಿಲಿಕ್ಕು, ಮೇಲೊಂದು ಕೈ ಕೆಂಗಂದು ಬಣ್ಣ. ಹತ್ತಿರ ಹೋಗಿ ನೋಡಿದರೆ ಆ ಗುಡ್ಡದ ಏರಿಳಿತದಲ್ಲಿ ಯಾರದೋ ಕೆಳದವಡೆಯ ಛಾಯೆ ಕಾಣುತ್ತಿತ್ತು.

ಕಸುಬು ಅವನಿಗೆ ಇನ್ನೂ ಒಂದನ್ನು ಕೊಟ್ಟಿತ್ತು. ಎದುರಿಗೆ ಬಾಯಿ ತೆರೆದು ಕೂತವರ ಎಡ, ನೋಡುವವನ ಬಲ. ಆ ಕೆಲಸದಲ್ಲಿ ಎಡವೆಂದರೆ ಎದುರಿನವರ ಎಡ. ಮರೆತರೆ ಎಡದವಡೆಗೆ ಮಾಡಬೇಕಾದ ಹಲ್ಲು ಬಲದವಡೆಗೆ ತಯಾರಾಗಿ ಕೂತಿರುತ್ತದೆ. ವರ್ಷಗಟ್ಟಲೆ ಹೀಗೆ ತಿರುಗಿಸಿ ತಿರುಗಿಸಿ ಅವನ ತಲೆ ಕ್ಲಿನಿಕ್ಕಿನ ಹೊರಗೂ ಕೇಳದೆಯೇ ತಿರುಗಿಸುತ್ತಿತ್ತು. ಹೆಂಡತಿ "ಎಡಗಡೆ ಡಬ್ಬ ಕೊಡಿ" ಅಂದರೆ, ಅಡುಗೆಮನೆಯ ಕಪಾಟಿಗೂ ಒಂದು ಮುಖ, ಅದಕ್ಕೂ ಅದರದೇ ಎಡಗೈ ಇದೆ ಎಂಬಂತೆ ಅವನ ಕೈ ಬಲಕ್ಕೆ ಹೋಗುತ್ತಿತ್ತು. ಸಕ್ಕರೆ ಕೇಳಿದರೆ ಉಪ್ಪು ಬರುತ್ತಿತ್ತು.

"ಭಾವ ದಾರಿ ಹೇಳಿದ್ರೆ ನಾನು ಉಲ್ಟಾ ತಿರುಗಿಸ್ತೀನಿ" ಎನ್ನುತ್ತಿದ್ದ ಭಾವಮೈದ. "ಗಾಡಿ ಸೀದಾ ಹೋಗಿ ಮನೆ ಬಾಗಿಲಿಗೇ ನಿಲ್ಲುತ್ತೆ."

ಈಚಿನ ಕೆಲವು ವರ್ಷಗಳಲ್ಲಿ ದುಂಡನೆಯ ಹಳಿ, ಹಸು ಎಲ್ಲ ಅಟ್ಟ ಸೇರಿ, ಕೋಣೆಯ ಉದ್ದಕ್ಕೂ ಚಾಚಿದ ಹೊಸ ಹಲಗೆಯ ಮೇಲೆ ಒಂದೇ ಒಂದು ಸ್ಟೇಷನ್ನು ಎದ್ದು ನಿಂತಿತ್ತು. ಎರಡು ದಾರಿ ಸೇರುವ ಸಣ್ಣ ಜಂಕ್ಷನ್ನು. ನಡುವೆ ಹೆಂಚಿನ ಕಟ್ಟಡ. ಅದರ ಒಂದು ಮಗ್ಗುಲಿಗೆ ಕುಡಿಯುವ ನೀರಿನ ನಲ್ಲಿ. ಇನ್ನೊಂದು ಮಗ್ಗುಲಿಗೆ ಪ್ಲಾಟ್‌ಫಾರ್ಮಿನ ಮೇಲೆ ಬಾಗಿ ನಿಂತ ಮರ. ಹಳಿಗಳ ಮೇಲೆ ಕಬ್ಬಿಣದ ಮೇಲ್ಸೇತುವೆ. ಹಳಿಗಳ ಈಚೆ, ನೋಡುವವರ ಹತ್ತಿರದಲ್ಲಿ, ಹಳಿಯಡಿ ಹಾಸುವ ಹಳೆಯ ಸ್ಲೀಪರ್ ಮರದ ತುಂಡುಗಳ ಒಂದು ರಾಶಿ. ರಾಶಿಯ ಮೇಲೆ ಯಾರೂ ಇರಲಿಲ್ಲ.

ಆ ಸ್ಟೇಷನ್ನನ್ನು ಅವನು ಆಯುಷ್ಯದಲ್ಲಿ ನೋಡಿದ್ದು ಒಂದೇ ಒಂದು ಮಧ್ಯಾಹ್ನ. ಆಗ ಮದುವೆಯಾದ ಹೊಸತು. ಹೆಂಡತಿಯನ್ನು ಕರೆದುಕೊಂಡು ಕೆಲಸದ ಊರಿಗೆ ಹೊರಟಿದ್ದ. ಅವಳ ಸಾಮಾನಿನಲ್ಲಿ ಅಜ್ಜಿ ಕೊಟ್ಟ ನಿಲುಗನ್ನಡಿಯೊಂದಿತ್ತು. ಹೊದಿಕೆ ಸುತ್ತಿ, ಹಗ್ಗ ಬಿಗಿದದ್ದು. ಜಂಕ್ಷನ್ನಿನಲ್ಲಿ ಇಳಿದು ಆಚೆ ಬದಿಯ ರೈಲು ಹಿಡಿಯಬೇಕಿತ್ತು. ಕನ್ನಡಿಯ ಒಂದು ತುದಿ ಅವನು, ಒಂದು ತುದಿ ಅವಳು ಹಿಡಿದು, "ಮೆಲ್ಲಗೆ, ಮೆಲ್ಲಗೆ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಮೇಲ್ಸೇತುವೆ ಹತ್ತಿ ಇಳಿಯುವಷ್ಟರಲ್ಲಿ ರೈಲು ಅವರ ಕಾಲಡಿಯಲ್ಲೇ ಹೊರಟು ಹೋಯಿತು. ಆಚೆ ಬದಿಯೆಂದರೆ ಬರೀ ಮಣ್ಣಿನ ದಿಬ್ಬ, ಒಂದು ಬೆಂಚೂ ಇರಲಿಲ್ಲ. ಸ್ಲೀಪರ್ ರಾಶಿಗೆ ಕನ್ನಡಿ ಒರಗಿಸಿ, ಸ್ಟೇಷನ್ನಿಗೆ ಮುಖ ಮಾಡಿ, ಆ ರಾಶಿಯ ಮೇಲೇ ಕೂತರು. ಮುಂದಿನ ರೈಲು ಸಂಜೆಗೆ.

ಬೈಯುತ್ತಾಳೆ ಅಂದುಕೊಂಡ. ಅವಳು ನಗಲು ಶುರು ಮಾಡಿದಳು. ನಕ್ಕು ಸಾಕಾದ ಮೇಲೆ ಮಾತು. ಕೊಡೆಯನ್ನು ಬಿಟ್ಟಿರಲಾರದ ಅವಳ ಹೆಡ್‌ಮಿಸ್ಸು, ಪತ್ರದಲ್ಲಿ ಬೈಗುಳವನ್ನೂ ಒಳ್ಳೆಯ ಅಕ್ಷರದಲ್ಲಿ ಬರೆಯುವ ಚಿಕ್ಕಪ್ಪ, ಹೀಗೆ. ಅವನು ಕೇಳುತ್ತ ಕೂತಿದ್ದ. ಒಬ್ಬಳ ಹತ್ತಿರ ಇಷ್ಟು ಮಾತಿರಬಹುದು, ಅದೆಲ್ಲ ತನಗೇ ಎಂದು ಇಟ್ಟುಕೊಂಡದ್ದಿರಬಹುದು ಎಂದು ಅವನಿಗೆ ಅದುವರೆಗೆ ಹೊಳೆದಿರಲಿಲ್ಲ. ನೆರಳು ಉದ್ದವಾಗುವ ಹೊತ್ತಿಗೆ ಒಂದು ಮಾತು ಬಂತು: "ಸಂಜೆ ರೈಲೂ ಬರದೇ ಇದ್ರೆ ಎಷ್ಟು ಚೆನ್ನಾಗಿರುತ್ತೆ, ಅಲ್ವಾ?" ಅವನ ನೆನಪಿನಲ್ಲಿ ಅದು ಅವಳ ಮಾತು.

ಸಂಜೆ ರೈಲು ಬಂತು. ಹಿಂದೆಯೇ ಬಾಡಿಗೆ ಮನೆ, ಕೆಲಸ, ಗ್ಯಾಸು, ನೀರಿನ ಟ್ಯಾಂಕು ಎಲ್ಲ ಬಂದವು. ಅವರ ನಡುವೆ ಜಗಳವಾಗಿ ಮಾತು ನಿಂತಿತು ಅಂತಲ್ಲ. ಮಾತೂ ಅವರ ಹಾಗೆಯೇ ಕೆಲಸಕ್ಕೆ ಸೇರಿಕೊಂಡಿತು, ಅಷ್ಟೆ. ಹಾಲು ಬಂತಾ, ಕರೆಂಟ್ ಬಿಲ್ಲು ಕಟ್ಟಿದ್ರಾ, ಛತ್ರಿ ತಗೊಂಡ್ರಾ. ಕೆಲಸವಿಲ್ಲದ ಮಾತು ಆ ಮನೆಗೆ ಬಂದು ಬಹಳ ಕಾಲವಾಗಿತ್ತು.

ಇದು ಯಾವ ಸ್ಟೇಷನ್ನು ಎಂದು ಗಾರ್ಡ್ ಹೆಂಡತಿಗೆ ಹೇಳಿರಲಿಲ್ಲ. "ನಾವು ಕೂತಿದ್ದ ಜಂಕ್ಷನ್ನು ಕಣೇ" ಅಂದುಬಿಟ್ಟರೆ ಆಗಿಹೋಗುವ ಕೆಲಸ. ಆದರೆ ಹೇಳಿಸಿಕೊಂಡು "ಹೌದಲ್ಲ" ಅಂದರೆ ಅದು ಒಪ್ಪಿಗೆ, ಗುರುತಲ್ಲ. ಅವಳೇ ಒಂದು ದಿನ ಬಾಗಿಲಲ್ಲಿ ನಿಂತು "ಅಯ್ಯೋ!" ಅನ್ನಬೇಕು. ಆಗ ಆ ಮಧ್ಯಾಹ್ನ ಇಬ್ಬರದಾಗುತ್ತದೆ. ಇಲ್ಲವಾದರೆ ಆವತ್ತು ಅಷ್ಟು ಹೊತ್ತೂ ಆ ರಾಶಿಯ ಮೇಲೆ ಅವನೊಬ್ಬನೇ ಕೂತಿದ್ದ ಹಾಗೆ. ಹಲ್ಲು ಮಾಡುವ ಬಿಳಿ ಅಕ್ರಿಲಿಕ್ಕಿನಲ್ಲಿ ಅಕ್ಕಿಕಾಳಿಗಿಂತ ಚೂರು ದೊಡ್ಡದಾದ ಎರಡು ಬೊಂಬೆಗಳನ್ನು ಅವನು ಯಾವತ್ತೋ ಕೊರೆದು, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಮಲಗಿಸಿದ್ದ. ಅವಳು ಗುರುತಿಸಿದ ದಿನ ಅವನ್ನು ರಾಶಿಯ ಮೇಲೆ ಕೂರಿಸುವುದು. ಪೊಟ್ಟಣ ಹಲಗೆಯ ಕೆಳಗಿನ ಡ್ರಾಯರಿನಲ್ಲಿ ಕಾಯುತ್ತಿತ್ತು.

ಹೆಂಡತಿಯ ಕೆಲಸ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವುದು. ದಿನವಿಡೀ ಬೇರೆಯವರ ತಪ್ಪು ಹುಡುಕುವ ಕಣ್ಣು ಸಂಜೆ ಮನೆಗೆ ಬಂದ ಮಾತ್ರಕ್ಕೆ ಮುಚ್ಚಿಕೊಳ್ಳುತ್ತದೆಯೇ? ಸೋಪಿನ ಪೊಟ್ಟಣದ ಮೇಲೆ ಬಿಟ್ಟುಹೋದ ಒತ್ತಕ್ಷರ ಕಂಡರೂ ಅವಳಿಗೆ ಸ್ನಾನ ಮಾಡಿದ ಸಮಾಧಾನ ಸಿಗುತ್ತಿರಲಿಲ್ಲ. ಹಿಂದಿನ ಕೋಣೆಯ ಹೊಸಿಲು ಮಾತ್ರ ಅವಳು ದಾಟುತ್ತಿರಲಿಲ್ಲ. ಪ್ಲಾಸ್ಟರ್ ಧೂಳಿಗೆ ಸೀನು ಬರುತ್ತದೆ ಎಂಬುದು ಹೇಳಿಕೊಳ್ಳುವ ಕಾರಣ. ಹೇಳಿಕೊಳ್ಳದ ಕಾರಣ ಏನೆಂದು ಅವನು ಕೇಳಿರಲಿಲ್ಲ.

"ಊಟಕ್ಕೆ ಬರ್ತೀರೋ, ಸಿಗ್ನಲ್ ಬೀಳ್ಬೇಕೋ?" ಎಂದು ಹೊಸಿಲಾಚೆಯಿಂದ ಕೂಗುತ್ತಿದ್ದಳು.

"ಬಂದೆ, ಬಂದೆ. ಒಂದು ಡಬ್ಬಿ ಹಳಿ ತಪ್ಪಿದೆ."

"ಒಂದೇನಾ?"

ಒಂದು ಭಾನುವಾರ ಭಾವಮೈದ ಊಟಕ್ಕೆ ಬಂದ. ಕೈತೊಳೆದುಕೊಂಡು ಬಂದವನೇ, "ಮತ್ತೆ ಭಾವ, ರಿಪೇರಿ ಆಯ್ತಾ?" ಎಂದ.

"ಆಗ್ತಾ ಇದೆ. ಬಿಡಿಭಾಗ ಸಿಗ್ತಾ ಇಲ್ಲ."

"ನಿಧಾನಕ್ಕೆ ಮಾಡಿ, ಅವಸರ ಇಲ್ಲ. ಹುಡುಗನಿಗೆ ಹೆಣ್ಣು ನೋಡ್ತಾ ಇದೀವಿ. ಅವನ ಮಗ ಆಡೋ ಹೊತ್ತಿಗಾದ್ರೂ ಕೊಡಿ ಸಾಕು." ಹೀಗೆನ್ನುತ್ತ ಕೋಣೆಯೊಳಗೆ ನಡೆದವನು ಹಲಗೆಯ ಮುಂದೆ ನಿಂತು, ತುಂಬಿದ ಬಸ್ಸನ್ನು ಸಂದಿಯಲ್ಲಿ ತಿರುಗಿಸುವವನೂ ಬೆರಗಾಗಬಹುದು ಎಂಬಂತೆ ಬಾಯಿ ಬಿಟ್ಟ. "ಅಬ್ಬಬ್ಬಾ! ಅಕ್ಕಾ, ಬಾ ಇಲ್ಲಿ! ಇದನ್ನ ನೋಡಿದೀಯಾ ನೀನು?"

"ದಿನಾ ಕಸ ಗುಡಿಸ್ತೀನಲ್ಲ, ಹೊಸಿಲ ತನಕ."

"ಹೊಸಿಲು ಮನೆ ಹಾಳಾಗ್ಲಿ, ಒಳಗೆ ಬಾರೇ." ಅಕ್ಕನ ಕೈ ಹಿಡಿದು ಎಳೆದೇಬಿಟ್ಟ.

ಗಾರ್ಡ್ ಕನ್ನಡಕ ತೆಗೆದು ಅಂಗಿಯಂಚಿಗೆ ಒರೆಸಿ ಮತ್ತೆ ಹಾಕಿಕೊಂಡ, ನೋಡಬೇಕಾದವನು ತಾನೇ ಎಂಬ ಹಾಗೆ. ಅವಳು ಸೆರಗಿಲ್ಲದ್ದಕ್ಕೆ ಟವೆಲಿನ ತುದಿಯಿಂದ ಮೂಗು ಮುಚ್ಚಿಕೊಂಡು ಬಗ್ಗಿದಳು. ಕರಡು ನೋಡುವ ರೀತಿಯಲ್ಲೇ ನೋಡಿದಳು, ಎಡದಿಂದ ಬಲಕ್ಕೆ, ಒಂದನ್ನೂ ಬಿಡದೆ. ಮರ. ಕಟ್ಟಡ. ನಲ್ಲಿ. ಮೇಲ್ಸೇತುವೆಯ ಹತ್ತಿರ ಸ್ವಲ್ಪ ತಡೆದಳು. ಸ್ಲೀಪರ್ ರಾಶಿಯ ಹತ್ತಿರ ಬಂದಾಗ ಅವಳ ಹುಬ್ಬು ಗಂಟಾಯಿತು. ಗಾರ್ಡಿನ ಕೈ ತಾನಾಗಿ ಡ್ರಾಯರಿನ ಹಿಡಿಗೆ ಹೋಯಿತು.

"ಚೆನ್ನಾಗಿದೆ" ಎಂದಳು. "ಯಾವ ಸ್ಟೇಷನ್ನು ಇದು?"

"ಯಾವ್ದೋ ಒಂದು" ಎಂದು ಭಾವಮೈದನೇ ಉತ್ತರ ಕೊಟ್ಟ. "ಎಲ್ಲಾ ಸ್ಟೇಷನ್ನೂ ಹೀಗೇ ಇರುತ್ತೆ, ಅಲ್ವಾ ಭಾವ?"

"ಹೌದು" ಎಂದ ಗಾರ್ಡ್. "ಯಾವ್ದೋ ಒಂದು."

"ಏನೋ ಒಂದನ್ನ ಜ್ಞಾಪಿಸೋ ಹಾಗಿದೆ. ಆದ್ರೆ ಅದಲ್ಲ" ಎಂದವಳೇ ಎರಡು ಸಲ ಸೀನಿ ಟೀ ಇಡಲು ಹೋದಳು.

"ಆದ್ರೆ ಅದಲ್ಲ" ಎಂಬುದನ್ನು ಗಾರ್ಡ್ ವಾರವಿಡೀ ಅಗಿದ. ಅಗಿಯುವುದಕ್ಕೆ ಸಂಬಂಧಪಟ್ಟ ಕಸುಬಿನವನಾದರೂ ಅದು ಅರೆಯಲಿಲ್ಲ. ಕ್ಲಿನಿಕ್ಕಿನಲ್ಲಿ ಅವನು ಮಾಡಿದ ಒಂದು ಸೆಟ್ಟನ್ನು ಡಾಕ್ಟರಮ್ಮ ವಾಪಸ್ ತಂದಿಟ್ಟು, "ಏನ್ರೀ ಇದು, ಇವರು ನಕ್ಕರೆ ಯಾರನ್ನೋ ಬೈದ ಹಾಗೆ ಕಾಣುತ್ತೆ" ಎಂದಳು. ಮನೆಯಲ್ಲಿ ಅವನು ಸ್ಟೇಷನ್ನಿನ ಮೇಲೆ ಹಳೆಯ ಹೊದಿಕೆ ಎಳೆದು, ಕೋಣೆಯ ಬಾಗಿಲು ಮುಂದಕ್ಕೆ ತಳ್ಳಿಟ್ಟ. ಆ ವಾರ ಊಟಕ್ಕೆ ಕೂಗಿದ ಕೂಡಲೇ ಬರುತ್ತಿದ್ದ. ಅದರಿಂದಲೇ ಏನೋ ಸರಿಯಿಲ್ಲ ಎಂದು ಹೆಂಡತಿಗೆ ಗೊತ್ತಾಗಿರಬೇಕು, ಒಂದು ದಿನ, "ಹಳಿ ತಪ್ಪಿದ ಡಬ್ಬಿ ಏನಾಯ್ತು?" ಎಂದು ಕೇಳಿದಳು. "ಏನಿಲ್ಲ" ಎಂದ. ಅಲ್ಲಿಗೆ ಮಾತು ಮುಗಿಯಿತು.

ಹೊದಿಕೆ ತೆಗೆಸಿದವರು ಗಡಿಯಾರದಂಗಡಿಯವರು. ಮುಖ್ಯರಸ್ತೆಯ ಮೂಲೆಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಅವರಿಗೂ ಇದೇ ಕಾಯಿಲೆ, ಇನ್ನೂ ಚಿಕ್ಕ ಅಳತೆಯದು: ಅವರ ಊರು, ಕೆರೆ, ರೈಲು ಎಲ್ಲ ಒಂದು ಸೂಟ್‌ಕೇಸಿನಲ್ಲಿ ಹಿಡಿಯುತ್ತಿದ್ದವು. ಎಣ್ಣೆ ಕೇಳಲು ಬಂದವರು ಕೋಣೆಯೊಳಗೆ ಇಣುಕಿ, "ಏನು ಸಾಹೇಬ್ರೆ, ಸ್ಟೇಷನ್ನಿಗೆ ಹೊದಿಸಿಬಿಟ್ಟಿದೀರಿ. ಜ್ವರಾನಾ?" ಎಂದು ತಾವೇ ಹೊದಿಕೆ ಸರಿಸಿದರು. ಬಹಳ ಹೊತ್ತು ನೋಡಿ, ಬಲ ತುದಿಗೆ ಬೆರಳು ತೋರಿಸಿದರು. ಅಲ್ಲಿ ಹಳಿ ಗೋಡೆಯ ಹತ್ತಿರದವರೆಗೆ ಹೋಗಿ ಹಲಗೆಯ ತುದಿಯಲ್ಲಿ ನಿಂತುಬಿಡುತ್ತಿತ್ತು. ಎಡಗಡೆಯ ಸುರಂಗದಿಂದ ಹೊರಟ ರೈಲು ಸ್ಟೇಷನ್ನು ದಾಟಿ ಅಲ್ಲಿಗೆ ಬಂದು, ದಾರಿ ತಪ್ಪಿದವರ ಹಾಗೆ ಒಂದು ಕ್ಷಣ ನಿಂತು, ಹಿಂದು ಹಿಂದಕ್ಕೇ ವಾಪಸಾಗಬೇಕಿತ್ತು.

"ಇಷ್ಟೆಲ್ಲ ಮಾಡಿ ಕೊನೆಗೆ ಗೋಡೆಗೆ ಮೂಗು ತಾಗಿಸಿದ್ರಲ್ಲ. ಇಲ್ಲಿ ಅಡ್ಡಕ್ಕೆ ಒಂದು ಕನ್ನಡಿ ನಿಲ್ಸಿ. ದೊಡ್ಡದು. ಹಳಿ ಕನ್ನಡಿಯೊಳಗೂ ಓಡುತ್ತೆ. ಅರ್ಧ ಕೋಣೇಲಿ ಇಡೀ ಊರು."

"ನನಗ್ಯಾಕೋ ಉತ್ಸಾಹ ಇಲ್ಲ."

"ಉತ್ಸಾಹ ಯಾರಿಗಿದೆ? ನನ್ನ ಕೆರೆ ಸೂಟ್‌ಕೇಸಿಂದ ಸೋರ್ತಾ ಇದೆ. ಮಾಡ್ತಾ ಹೋಗೋದಪ್ಪ" ಎಂದು ಎಣ್ಣೆ ಇಸಿದುಕೊಂಡು ಹೋದರು.

ಮನೆಯಲ್ಲಿದ್ದ ದೊಡ್ಡ ಕನ್ನಡಿ ಒಂದೇ. ಅಜ್ಜಿಯ ನಿಲುಗನ್ನಡಿ ಮಲಗುವ ಕೋಣೆಯ ಗೋಡೆಗೆ ಒರಗಿಕೊಂಡು, ಪಾದರಸ ಅಲ್ಲಲ್ಲಿ ಎದ್ದು, ಇಬ್ಬರಿಗೂ ಕೂದಲು ನರೆಯುವುದನ್ನು ನೋಡುತ್ತ ಬಂದಿತ್ತು. ಮರುದಿನ ಸಂಜೆ ಹೆಂಡತಿ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿರುವಾಗ ಅವನು ಗಂಟಲು ಸರಿಮಾಡಿಕೊಂಡ.

"ನಿನ್ನ ಕನ್ನಡಿ ಸ್ವಲ್ಪ ಬೇಕಿತ್ತು."

"ಯಾಕೆ? ರೈಲು ತಲೆ ಬಾಚ್ಕೊಳ್ಳುತ್ತಾ?"

ವಿವರಿಸಿದ. ಅವಳು ಕೇಳಿಸಿಕೊಂಡಳು. ಒಲ್ಲೆ ಅನ್ನುತ್ತಾಳೆ ಎಂದು ಅವನು ಅರ್ಧ ಆಸೆಪಟ್ಟಿದ್ದ. ಅಂದಿದ್ದರೆ ಹೊದಿಕೆ ಮತ್ತೆ ಎಳೆಯಬಹುದಿತ್ತು.

"ನೀವೊಬ್ರೇ ಎತ್ತಬೇಡಿ" ಎಂದಳು. "ಎಡಗಡೆ ಇಳಿಸಿ ಅಂದ್ರೆ ಬಲಗಡೆ ಇಳಿಸ್ತೀರಿ. ಅಜ್ಜಿ ಕೊಟ್ಟಿದ್ದು ಅದೊಂದೇ ಉಳಿದಿರೋದು. ಒಂದು ಕಡೆ ನಾನು ಹಿಡೀತೀನಿ."

ಒಂದು ತುದಿ ಅವನು, ಒಂದು ತುದಿ ಅವಳು. ನಡುಮನೆ ದಾಟುವಾಗ "ಮೆಲ್ಲಗೆ" ಎಂದ. "ಮೆಲ್ಲಗೇ ಬರ್ತಾ ಇದೀನಿ" ಎಂದಳು. ಅವನಿಗೆ ಕಬ್ಬಿಣದ ಮೆಟ್ಟಿಲ ಸದ್ದು ಕೇಳಿಸಿತು. ಅವಳಿಗೆ ಕೇಳಿಸಿತೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಹಲಗೆಯ ತುದಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನುಸುಳುವಷ್ಟು ಸಂದಿ ಇತ್ತು. ಅವನು ಅಲ್ಲಿ ಸೇರಿಕೊಂಡು ಕನ್ನಡಿಯನ್ನು ಅಡ್ಡ ಮಲಗಿಸಿ, ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ನಿಲ್ಲಿಸಿದ. ಅವಳು ಎಡತುದಿಗೆ ಹೋಗಿ ನೆಟ್ಟಗಿದೆಯೇ ಎಂದು ನೋಡಬೇಕು. ಅವನಿಗೆ ಕಾಣುತ್ತಿದ್ದದ್ದು ಕನ್ನಡಿಯ ಬೆನ್ನು, ಅದರ ಮೇಲೆ ಅಂಟಿಸಿದ್ದ ಹಳೆಯ ಕಂದು ಕಾಗದ, ಅಷ್ಟೆ.

"ಸ್ವಲ್ಪ ನಿಮ್ಮ ಕಡೆ ವಾಲಿಸಿ" ಎಂಬ ಧ್ವನಿ ಬಂತು. "ಜಾಸ್ತಿ ಆಯ್ತು. ಈಚೆ. ಇನ್ನೊಂಚೂರು. ಹಾಂ, ಸಾಕು, ಈಗ..."



"ಏನಾಯ್ತು? ಓರೆ ಇದೆಯಾ?"

ಅವನು ಕನ್ನಡಿಯ ಕೆಳಗಂಚಿಗೆ ಮೊಣಕಾಲು ಒಡ್ಡಿದ.

"ಏ, ಕೈ ನೋಯ್ತಾ ಇದೆ ಕಣೇ."

"ಬಿಡಬೇಡಿ" ಎಂದಳು. ಅದು ಹಾಲು ಬಂತಾ ಎಂದು ಕೇಳುವ ಧ್ವನಿಯಾಗಿರಲಿಲ್ಲ. "ಹಾಗೇ ಹಿಡ್ಕೊಂಡಿರಿ." ಆಮೇಲೆ, "ಅಯ್ಯೋ."

ಗಾರ್ಡ್ ಕನ್ನಡಿಯ ಬೆನ್ನಿಗೆ ಹಣೆ ಒತ್ತಿದ.

"ಆ ನಲ್ಲಿ ತೊಟ್ಟಿಕ್ತಾ ಇತ್ತು. ಒಂದು ಬಿಳೀ ನಾಯಿ ಬಂದು ಬಂದು ಕುಡೀತಾ ಇತ್ತು. ಸ್ಟೇಷನ್ ಮಾಸ್ಟ್ರು ಅದನ್ನ ಓಡಿಸೋದು, ಅದು ಮರ ಸುತ್ತಿ ಮತ್ತೆ ಬರೋದು. ಇಲ್ಲಿ, ಈ ರಾಶಿ ಮೇಲೆ ನಾವು. ರೀ, ಇದು ನಾವು ರೈಲು ತಪ್ಪಿಸ್ಕೊಂಡ ಜಂಕ್ಷನ್ನು! ಈ ಕನ್ನಡೀನ ಈ ರಾಶಿಗೇ ಒರಗಿಸಿದ್ವಿ!"

ಇಷ್ಟು ವರ್ಷ ಕಾದ ಮಾತು ಬಂದಿತ್ತು. ಅದನ್ನು ಆಡುವಾಗ ಅವಳ ಮುಖ ಹೇಗಿತ್ತು ಎಂದು ನೋಡಲಾಗದ ಒಂದೇ ಒಂದು ಜಾಗದಲ್ಲಿ ಅವನು ಸಿಕ್ಕಿಕೊಂಡಿದ್ದ. ಬಿಟ್ಟು ಹೊರಬಂದರೆ ಅಜ್ಜಿಯ ಕನ್ನಡಿ ಚೂರು. ಕಾಲಲ್ಲಿ ತಡಕಿ ಒಂದು ಮರದ ತುಂಡು ಎಳೆದು, ಕನ್ನಡಿಗೆ ಒತ್ತು ಕೊಟ್ಟು, ಬಟ್ಟೆಗೆಲ್ಲ ಗೋಡೆಯ ಸುಣ್ಣ ಬಳಿದುಕೊಂಡು ಆಚೆ ಬರುವಷ್ಟರಲ್ಲಿ ಅವಳು ಮೂಗು ಒರೆಸಿಕೊಂಡು ಆಗಿತ್ತು. ಧೂಳಿಗೆ ಇರಬಹುದು.

"ಮತ್ತೆ ಆವತ್ತು ಅದಲ್ಲ ಅಂದೆಯಲ್ಲ?"

"ಆವತ್ತು ಅದಾಗಿರಲಿಲ್ಲ. ಬನ್ನಿ, ಇಲ್ಲಿ ನಿಂತ್ಕೊಂಡು ಕನ್ನಡೀಲಿ ನೋಡಿ."

ನೋಡಿದ. ಕನ್ನಡಿಯೊಳಗೆ ಇನ್ನೊಂದು ಸ್ಟೇಷನ್ನಿತ್ತು. ಅದರಲ್ಲಿ ನಲ್ಲಿ ಎಡಗಡೆ, ಮರ ಬಲಗಡೆ. ಹಲಗೆಯ ಮೇಲೆ ನಲ್ಲಿ ಬಲಗಡೆ, ಮರ ಎಡಗಡೆ.

"ನಲ್ಲಿ ನಮ್ಮ ಎಡಕ್ಕಿತ್ತು" ಎಂದಳು. "ನೀವು ಎಲ್ಲಾನೂ ಅದಲು ಬದಲು ಇಟ್ಟಿದೀರಿ."

ಗಾರ್ಡ್ ಹಲಗೆಯ ಮೇಲಿನ ನಲ್ಲಿಗೆ ಬೆರಳಿಟ್ಟ. ನೆನಪು ತಪ್ಪಿರಲಿಲ್ಲ. ನಲ್ಲಿ ಎಡಕ್ಕೆ, ಮರ ಬಲಕ್ಕೆ ಎಂದು ಅವನು ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ತಪ್ಪಿದ್ದು ಕೈ. ಸ್ಟೇಷನ್ನು ಎದುರಿಗೆ ಮುಖ ಮಾಡಿ ಕೂತಿತ್ತು. ಅವನು ಅದರ ಎಡಕ್ಕೆ ನಲ್ಲಿ ಇಟ್ಟಿದ್ದ.

"ಸ್ಟೇಷನ್ನಿಗೂ ಹಲ್ಲು ಕಟ್ಟಿದೀರಲ್ರೀ!" ಎಂದು ಅವಳು ನಗತೊಡಗಿದಳು. ಹಲಗೆಯ ಅಂಚು ಹಿಡಿದುಕೊಂಡು, ನಿಲ್ಲಿಸಲಾರದೆ ನಕ್ಕಳು. ಆ ನಗುವನ್ನು ಅವನು ಒಮ್ಮೆ ಕೇಳಿದ್ದ. ಈ ಸಲ ಅವನ ಕಣ್ಣು ಮೇಲಿನ ಸಾಲಿಗೆ ಹೋಗಲಿಲ್ಲ.

"ಕಿತ್ತು ಸರಿ ಮಾಡ್ಲಾ?"

"ಎಷ್ಟು ಹಿಡಿಯುತ್ತೆ?"

"ಹಳಿ, ಪ್ಲಾಟ್‌ಫಾರ್ಮು, ಎಲ್ಲಾ ಮೊದಲಿಂದ."

"ಹಾಗಾದ್ರೆ ಬೇಡ. ತಪ್ಪು ಅಂತ ಹೊಡೆದಿದ್ದನ್ನ ಇರಲಿ ಅನ್ಬೇಕಾದ್ರೆ ನಾವು ಕರಡಲ್ಲಿ ಅದರ ಕೆಳಗೆ ಚುಕ್ಕಿ ಸಾಲು ಹಾಕ್ತೀವಿ." ಅವನ ಸಣ್ಣ ಬ್ರಷ್ಷನ್ನು ಬಿಳಿಯಲ್ಲಿ ಅದ್ದಿ, ಉಸಿರು ಹಿಡಿದು, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಲ್ಲಿಯ ನೇರಕ್ಕೆ ಚುಕ್ಕಿಗಳನ್ನಿಟ್ಟಳು. ದೂರದಿಂದ ನೋಡಿದರೆ ಪಾರಿವಾಳದ ಹಿಕ್ಕೆಯ ಹಾಗೆ ಸಹಜವಾಗಿ ಕಾಣುತ್ತಿತ್ತು. "ಜನ ಎಲ್ಲಿ? ರಾಶಿ ಖಾಲಿ ಬಿಟ್ಟಿದೀರಲ್ಲ."

ಅವನು ಡ್ರಾಯರ್ ಎಳೆದು ಬೆಂಕಿಪೊಟ್ಟಣ ತೆರೆದು ಕೊಟ್ಟ. ಅವಳು ಒಂದೊಂದನ್ನೇ ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಯಾವಾಗ ಮಾಡಿದ್ದು?"

"ಆಗ್ಲೇ. ನೀನಾಗಿ ಗುರುತು ಹಿಡಿದ ದಿವಸ ಇಡೋಣ ಅಂತ."

"ಹೇಳೋಕೇನಾಗಿತ್ತು?"

"ಆವತ್ತು ನೀನು ಒಂದು ಮಾತು ಹೇಳಿದ್ದೆ" ಎಂದ, ರಾಶಿಯ ಕಡೆ ನೋಡುತ್ತ. "ಸಂಜೆ ರೈಲೂ ಬರದೇ ಇದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ. ನಿನಗೆ ಅದು ನೆನಪಿದೆಯೋ ಇಲ್ಲವೋ ಅಂತ."

ಅವಳು ಚಿಮಟ ಕೆಳಗಿಟ್ಟಳು.

"ಅದು ನಾನು ಹೇಳಿದ್ದಲ್ಲ. ನೀವು ಹೇಳಿದ್ದು."

"ಛೆ, ಇಲ್ಲ. ನೀನು."

"ರೀ, ನಾನು ಗಂಟೆಗಟ್ಟಲೆ ಮಾತಾಡ್ದೆ. ನೀವು ಇಡೀ ಮಧ್ಯಾಹ್ನ ಬಾಯಿ ಬಿಟ್ಟಿದ್ದು ಒಂದೇ ಸಲ, ಅದೊಂದು ಮಾತಿಗೆ. ನನಗೆ ನಾಚಿಕೆಯಾಗಿ ಸುಮ್ಮನಾಗಿಬಿಟ್ಟೆ. ಇನ್ನೊಂದ್ಸಲ ಹೇಳಿದ್ರೆ ಹೌದು ಅನ್ನೋಣ ಅಂತಿದ್ದೆ." ಬೆಂಕಿಪೊಟ್ಟಣದ ಹತ್ತಿಯನ್ನು ಬೆರಳಲ್ಲಿ ಹಿಂಜಿದಳು. "ಆಮೇಲೆ ನೀವು ಈ ಕೋಣೆ ಸೇರ್ಕೊಂಡ್ರಿ. ಬಾಗಿಲಲ್ಲಿ ಬಂದು ನಿಂತಾಗಲೆಲ್ಲ ರೈಲು ಓಡಿಸ್ತಾ ಇರ್ತಿದ್ರಿ. ಇವರಿಗೆ ರೈಲು ಬರೋದೇ ಬೇಕು ಅಂದ್ಕೊಂಡೆ."

ಗಾರ್ಡ್ ನಿಂತೇ ಇದ್ದ. ನಲ್ಲಿ, ಮರಗಳ ಹಾಗೆ ಆ ಮಾತನ್ನೂ ಎದುರಿನವರ ಬದಿಗೆ ಇಟ್ಟುಬಿಟ್ಟಿದ್ದನೇ? ನೆನಪಿಸಿಕೊಳ್ಳಲು ನೋಡಿದ. ಬಿಸಿಲು, ನಾಯಿ, ಒರಗಿಸಿದ ಕನ್ನಡಿ ಕಂಡವು. ಮಾತು ಯಾರ ಬಾಯಿಂದ ಹೊರಟಿತು ಎಂದು ಕಾಣಲಿಲ್ಲ. ಇಬ್ಬರೂ ಒಂದೇ ಮಾತನ್ನು ಇನ್ನೊಬ್ಬರದೆಂದು ಇಟ್ಟುಕೊಂಡು, ಅದು ಮತ್ತೆ ಬರಲೆಂದು ಒಂದೇ ಮನೆಯ ಎರಡು ಕೋಣೆಗಳಲ್ಲಿ ಕಾದಿದ್ದರು. ಕಾದ ವರ್ಷಗಳಿಗೆ ಚುಕ್ಕಿ ಸಾಲು ಹಾಕುವ ಹಾಗಿರಲಿಲ್ಲ.

ಅವಳು ಬೊಂಬೆಗಳನ್ನು ರಾಶಿಯ ಮೇಲೆ ಕೂರಿಸಿದಳು. ಯಾರು ಯಾವ ಕಡೆ ಎಂದು ಅವನನ್ನು ಕೇಳಲಿಲ್ಲ. ಕಿಟಕಿಯ ಓರೆ ಬಿಸಿಲು ಹಲಗೆಯ ಮೇಲೆ ಬಿದ್ದು ಮರದ ನೆರಳು ಉದ್ದವಾಗಿತ್ತು. ಕನ್ನಡಿಯೊಳಗೂ ಇಬ್ಬರು ಕೂತಿದ್ದರು.

"ಸಂಜೆ ರೈಲು ಎಲ್ಲಿದೆ?" ಎಂದಳು.

"ಸುರಂಗದಲ್ಲಿ."

"ಬಿಡಿ, ನೋಡೋಣ."

ಅವನ ಕೈ ವೇಗದ ಗುಂಡಿಯ ಮೇಲಿತ್ತು. ತಿರುಗಿಸಿದ. ಸುರಂಗದೊಳಗೆ ಗುಂಯ್ ಎಂಬ ಸದ್ದು ಎದ್ದಿತು. ಇಂಜಿನ್ನಿನ ದೀಪ ಕತ್ತಲಲ್ಲಿ ಚುಕ್ಕಿಯಾಗಿ ಕಂಡಿತು. ಅವಳು ಬೊಂಬೆಗಳ ಎತ್ತರಕ್ಕೆ ಬಗ್ಗಿ ನೋಡುತ್ತಿದ್ದಳು. ಅವನು ಗುಂಡಿಯನ್ನು ಬಿಟ್ಟು, ಹಲಗೆಯ ಕೆಳಗೆ ಕೈ ಹಾಕಿ, ಗೋಡೆಯಿಂದ ಪ್ಲಗ್ಗನ್ನೇ ಕಿತ್ತ. ಸದ್ದು ಅಡಗಿತು. ದೀಪ ಆರಿತು.

"ಏನಾಯ್ತು?" ಎಂದು ಅವಳು ತಿರುಗಿದಳು. "ಕೆಟ್ಟೋಯ್ತಾ?"

"ಇಲ್ಲ" ಎಂದ ಗಾರ್ಡ್, ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡೇ. "ಇವತ್ತು ಬರಲ್ಲ."

ಅವಳು ಅವನನ್ನು ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಲ್ಲಿ ಎಳೆದುಕೊಂಡು, ಧೂಳು ಹೊಡೆಯದೆ, ಅದರ ಮೇಲೆ ಕೂತಳು.